ನಕ್ಷೆಯಲ್ಲಿ ಇಲ್ಲದ ಬೀದಿ

ನ್ಯೂಯಾರ್ಕ್ ನಗರದ ನಕ್ಷೆಯನ್ನು ಹರಡಿಕೊಂಡು ‘ಅವೆನ್ಯೂ ಕ್ಯೂ’ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಮ್ಯಾನ್‌ಹಟನ್‌ನ ಪೂರ್ವ ಭಾಗದಲ್ಲಿ ಎ, ಬಿ, ಸಿ, ಡಿ ಎಂಬ ಅವೆನ್ಯೂಗಳಿವೆ. ಅಕ್ಷರಮಾಲೆ ಅಲ್ಲಿಗೇ ನಿಲ್ಲುತ್ತದೆ. ನದಿಯಾಚೆಯ ಬ್ರೂಕ್ಲಿನ್‌ನಲ್ಲಿ ಪಿ ಇದೆ, ಆರ್ ಇದೆ. ನಡುವೆ ಕ್ಯೂ ಇರಬೇಕಾದ ಜಾಗದಲ್ಲಿ ಕ್ವೆಂಟಿನ್ ರಸ್ತೆ ಎಂಬ ಫಲಕವಿದೆ. ಇಲ್ಲದ ಈ ಬೀದಿಯನ್ನು ನೋಡಲು 2003ರಿಂದ 2019ರವರೆಗೆ ಜನ ದುಡ್ಡು ಕೊಟ್ಟು ಟಿಕೆಟ್ ಕೊಂಡರು. ಏಕೆಂದರೆ ‘ಅವೆನ್ಯೂ ಕ್ಯೂ’ ಒಂದು ಸಂಗೀತ ನಾಟಕ. ಅದರ ಪಾತ್ರಗಳಲ್ಲಿ ಹೆಚ್ಚಿನವು ಗೊಂಬೆಗಳು. ಆದರೆ ಆಟ ಮಾತ್ರ ಮಕ್ಕಳದಲ್ಲ!

ಕಥಾನಾಯಕ ಪ್ರಿನ್ಸ್‌ಟನ್‌ಗೆ 22 ವರ್ಷ. ಕೈಯಲ್ಲಿ ಇಂಗ್ಲಿಷ್ ಬಿ.ಎ. ಪದವಿ, ಜೇಬಿನಲ್ಲಿ ಅಷ್ಟಕ್ಕಷ್ಟೇ ಕಾಸು. ಅವೆನ್ಯೂ ಎ ಇಂದ ಬಾಡಿಗೆ ಮನೆ ಹುಡುಕುತ್ತಾ ಹೊರಟವನಿಗೆ ಕೈಗೆಟುಕುವ ಮನೆ ಸಿಗುವುದು ಕ್ಯೂ ತಲುಪಿದ ಮೇಲೆಯೇ. ಸೇರಬೇಕಿದ್ದ ಕೆಲಸವೂ ಸೇರುವ ಮೊದಲೇ ಹೋಗುತ್ತದೆ. ನೆರೆಹೊರೆಯವರ ಪಾಡೂ ಹೆಚ್ಚುಕಡಿಮೆ ಇದೇ. ಶಿಶುವಿಹಾರದ ಸಹಾಯಕಿ ಕೇಟ್‌ಗೆ ತನ್ನದೇ ಶಾಲೆ ತೆರೆಯುವ ಕನಸು. ಎರಡು ಸ್ನಾತಕೋತ್ತರ ಪದವಿ ಪಡೆದ ಕ್ರಿಸ್‌ಮಸ್ ಈವ್ ಎಂಬಾಕೆ ಮನೋಚಿಕಿತ್ಸಕಿ. ಆದರೆ ಒಬ್ಬರೂ ಅವಳ ಬಾಗಿಲು ತಟ್ಟುವುದಿಲ್ಲ. ಅಪ್ಪ ಅಮ್ಮ ಕಳಿಸಿದ ಹಣವನ್ನು ಬಿಯರ್‌ಗೆ ಸುರಿ ಎಂದು ಪ್ರಿನ್ಸ್‌ಟನ್‌ನನ್ನು ಪುಸಲಾಯಿಸಲು ಎರಡು ಮುದ್ದು ಕರಡಿಗಳು ಬೇರೆ. ನಮ್ಮ ಎಷ್ಟೋ ಮನೆಗಳ ಹಿರಿಯರು ಈ ಕರಡಿಗಳನ್ನು ಬೇರೆ ವೇಷದಲ್ಲಿ ಕಂಡಿರಬಹುದು.

ಗೊಂಬೆಗಳೇ ಏಕೆ ಎಂದು ತಿಳಿಯಲು ಇನ್ನೊಂದು ಬೀದಿಗೆ ಹೋಗಬೇಕು. 1969ರ ನವೆಂಬರ್‌ನಲ್ಲಿ ಅಮೆರಿಕದ ಟಿ.ವಿ.ಯಲ್ಲಿ ‘ಸೆಸಮಿ ಸ್ಟ್ರೀಟ್’ ಶುರುವಾಯಿತು. ಅಕ್ಷರ, ಅಂಕಿ, ಸ್ನೇಹ, ಹಂಚಿಕೊಂಡು ತಿನ್ನುವುದು – ಎಲ್ಲವನ್ನೂ ಗೊಂಬೆಗಳ ಬಾಯಿಂದಲೇ ಕಲಿಸಿದ ಕಾರ್ಯಕ್ರಮ ಅದು. (2006ರಲ್ಲಿ ಇದೇ ನಮ್ಮ ದೇಶಕ್ಕೆ ಹಿಂದಿಯಲ್ಲಿ ‘ಗಲಿ ಗಲಿ ಸಿಮ್ ಸಿಮ್’ ಆಗಿ ಬಂತು.) ‘ನೀನು ವಿಶೇಷ’ ಎಂದು ಕೇಳಿ ಬೆಳೆದ ಮಗು ದೊಡ್ಡದಾಗಿ ಬಾಡಿಗೆ ಕಟ್ಟಲು ಹೆಣಗುವಾಗ ಅದೇ ಗೊಂಬೆಗಳು ಏನು ಹೇಳಿಯಾವು? ಈ ಪ್ರಶ್ನೆಯಿಂದಲೇ ನಾಟಕ ಹುಟ್ಟಿತು. ಹಾಡುಗಳು ರಾಬರ್ಟ್ ಲೋಪೆಜ್ ಮತ್ತು ಜೆಫ್ ಮಾರ್ಕ್ಸ್ ಅವರದು, ಸಂಭಾಷಣೆ ಜೆಫ್ ವಿಟಿ ಅವರದು. ಗೊಂಬೆಗಳನ್ನು ರೂಪಿಸಿದ ರಿಕ್ ಲಯನ್ ಹಾಗೂ ಮೊದಲ ತಂಡದ ಕೆಲವು ಕಲಾವಿದರು ಸೆಸಮಿ ಸ್ಟ್ರೀಟ್‌ನಲ್ಲೇ ಪಳಗಿದವರು. ಆದರೂ ಆ ಸಂಸ್ಥೆಗೂ ತಮಗೂ ಸಂಬಂಧವಿಲ್ಲ ಎಂದು ನಾಟಕದವರು ಅಚ್ಚುಹಾಕಿಸಿಯೇ ಹೇಳಬೇಕಾಯಿತು.

ಮೊದಲು ಯೂನಿಯನ್ ಸ್ಕ್ವೇರ್ ಬಳಿಯ ಪುಟ್ಟ ವಿನ್ಯಾರ್ಡ್ ಥಿಯೇಟರ್‌ನಲ್ಲಿ ಆಡಿದ ತಂಡ 2003ರ ಜುಲೈ 31ರಂದು ಬ್ರಾಡ್‌ವೇಗೆ ಬಂತು. ಟೈಮ್ಸ್ ಸ್ಕ್ವೇರ್‌ನ ದೀಪಗಳ ಜಾತ್ರೆಯಿಂದ 45ನೇ ಬೀದಿಗೆ ತಿರುಗಿ ಪಶ್ಚಿಮಕ್ಕೆ ನಡೆದರೆ ಒಂದಕ್ಕೊಂದು ಭುಜ ತಾಗಿಸಿ ನಿಂತ ರಂಗಮಂದಿರಗಳು. ಎಂಟನೇ ಅವೆನ್ಯೂ ಕಡೆಯ ತುದಿಗೆ 1927ರ ಕಟ್ಟಡ, ಜಾನ್ ಗೋಲ್ಡನ್ ಥಿಯೇಟರ್. ಸುಮಾರು 800 ಆಸನಗಳು. ಬ್ರಾಡ್‌ವೇ ಲೆಕ್ಕಕ್ಕೆ ಚಿಕ್ಕದೇ. ಮರುವರ್ಷ ಟೋನಿ ಪ್ರಶಸ್ತಿಗೆ ಭಾರೀ ವೈಭವದ ‘ವಿಕೆಡ್’ ಎದುರಾಳಿಯಾಗಿತ್ತು. ಗೆದ್ದದ್ದು ಗೊಂಬೆಗಳು: ಶ್ರೇಷ್ಠ ಸಂಗೀತ ನಾಟಕ, ಶ್ರೇಷ್ಠ ಕೃತಿ, ಶ್ರೇಷ್ಠ ಸಂಗೀತ – ಮೂರೂ.

ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವರು ತೆರೆಯ ಮರೆಯಲ್ಲಿರುತ್ತಾರೆ. ಇಲ್ಲಿ ಬೂದುಬಣ್ಣದ ಉಡುಪು ತೊಟ್ಟು ಗೊಂಬೆಯ ಪಕ್ಕದಲ್ಲೇ ನಿಂತು ಹಾಡುತ್ತಾರೆ. ಒಂದು ಕೈ ಗೊಂಬೆಯ ತಲೆಯೊಳಗೆ, ಬಾಯಿ ಆಡಿಸಲು; ಇನ್ನೊಂದರಲ್ಲಿ ತೋಳು ಚಲಿಸುವ ಸಣ್ಣ ಕಡ್ಡಿ. ಕೇಟ್ ಮತ್ತು ಅವಳ ಪ್ರತಿಸ್ಪರ್ಧಿ ಲೂಸಿ, ಇಬ್ಬರೂ ಒಬ್ಬಳೇ ನಟಿಯ ಪಾತ್ರಗಳು. ಇಬ್ಬರೂ ಎದುರುಬದುರಾದಾಗ ಒಂದು ಗೊಂಬೆಯನ್ನು ಬೇರೊಬ್ಬರು ಹಿಡಿಯುತ್ತಾರೆ; ನಟಿ ಎರಡೂ ದನಿಗಳಲ್ಲಿ ತಾನೇ ಮಾತಾಡುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಪ್ರೇಕ್ಷಕರು ಮನುಷ್ಯರನ್ನು ಬಿಟ್ಟು ಗೊಂಬೆಯ ಮುಖವನ್ನೇ ನೋಡತೊಡಗುತ್ತಾರೆ.

ಪೋಷಕರಿಗೆ ಒಂದು ಎಚ್ಚರಿಕೆ. ಈ ಗೊಂಬೆಗಳು ಬೈಯುತ್ತವೆ, ಕುಡಿಯುತ್ತವೆ, ಹಾಸಿಗೆಯ ವ್ಯವಹಾರವನ್ನೂ ಮುಚ್ಚಿಡುವುದಿಲ್ಲ. ಮನುಷ್ಯ ಆಡಿದರೆ ಮುಖ ಸಿಂಡರಿಸುವ ಮಾತನ್ನು ಗೊಂಬೆ ಆಡಿದರೆ ಜನ ನಗುತ್ತಾರೆ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ಬಲ್ಲವರಿಗೆ ಈ ಗುಟ್ಟು ಗೊತ್ತು. ಹಾಗೆಂದು ಎಲ್ಲ ನಗೆಯೂ ಒಂದೇ ತೂಕದ್ದಲ್ಲ. ಜಪಾನಿ ಹೆಣ್ಣಾದ ಕ್ರಿಸ್‌ಮಸ್ ಈವ್‌ಳ ಇಂಗ್ಲಿಷ್ ಉಚ್ಚಾರಣೆಯನ್ನು ಹಾಸ್ಯಕ್ಕೆ ಎಳೆದದ್ದು ಇಂದು ಅಷ್ಟು ಸುಲಭವಾಗಿ ನಗು ತರಿಸುವುದಿಲ್ಲ. ಶಾಲೆಗಳಿಗಾಗಿ ಒರಟು ಭಾಗಗಳನ್ನು ತೆಗೆದ ‘ಸ್ಕೂಲ್ ಎಡಿಷನ್’ ಒಂದಿದೆ.

2009ರ ಸೆಪ್ಟೆಂಬರ್‌ನಲ್ಲಿ, 2,534 ಪ್ರದರ್ಶನಗಳ ಬಳಿಕ, ಗೋಲ್ಡನ್‌ನಲ್ಲಿ ತೆರೆ ಬಿತ್ತು. ತಿಂಗಳೊಪ್ಪತ್ತಿನಲ್ಲೇ ತಂಡ 50ನೇ ಬೀದಿಯ ‘ನ್ಯೂ ವರ್ಲ್ಡ್ ಸ್ಟೇಜಸ್’ಗೆ ಮನೆ ಬದಲಿಸಿತು. ಒಂದು ಕಾಲದ ಸಿನಿಮಾ ಸಂಕೀರ್ಣವದು. ನೆಲದಡಿಗೆ ಇಳಿದು ಹೋಗಬೇಕು. ಅಲ್ಲಿ 2019ರ ಮೇ 26ರವರೆಗೆ ಆಟ ನಡೆಯಿತು. ಅದೇ ಮೇ ಒಂದರಂದು, ಅಲ್ಲಿಂದ ಹದಿಮೂರು ಬೀದಿ ಮೇಲೆ, 63ನೇ ಬೀದಿ ಬ್ರಾಡ್‌ವೇಯನ್ನು ಕೂಡುವಲ್ಲಿ ನಗರದವರು ‘ಸೆಸಮಿ ಸ್ಟ್ರೀಟ್’ ಎಂಬ ಅಧಿಕೃತ ಫಲಕ ಹಾಕಿದ್ದರು.

ಬಾಲ್ಯದ ಬೀದಿಗೆ ಫಲಕ ಸಿಕ್ಕಿತು. ಪದವಿ ಮುಗಿದ ಮೇಲಿನ ಬೀದಿಗೆ ಫಲಕವೂ ಇಲ್ಲ, ನಕ್ಷೆಯೂ ಇಲ್ಲ. ಇದನ್ನು ಲೋಪೆಜ್ ಬಲ್ಲರು. ಅವರೂ ಇಂಗ್ಲಿಷ್ ಬಿ.ಎ. ಪದವೀಧರರೇ. ಮುಂದೆ ‘ಫ್ರೋಜನ್’ ಚಿತ್ರದ ಹಾಡಿಗೆ 2014ರಲ್ಲಿ ಆಸ್ಕರ್ ಪಡೆದವರು. ಆದರೆ ಅವರ ಪ್ರಿನ್ಸ್‌ಟನ್‌ಗೆ ಅಂಥ ಗೆಲುವೇನೂ ದಕ್ಕುವುದಿಲ್ಲ. ತನ್ನ ಬಾಳಿನ ಗುರಿ ಏನೆಂದು ಹುಡುಕಿ ಸೋತವನು ಕೊನೆಗೆ ಕೇಟ್‌ಳ ಶಾಲೆಗಾಗಿ ಟೋಪಿ ಹಿಡಿದು ಹಣ ಕೂಡಿಸುತ್ತಾನೆ. ಅಷ್ಟರಲ್ಲಿ ‘ಮನೆ ಬಾಡಿಗೆಗೆ ಇದೆ’ ಬೋರ್ಡ್ ನೋಡುತ್ತಾ ಇನ್ನೊಬ್ಬ ಹೊಸ ಪದವೀಧರ ಬರುತ್ತಾನೆ. ಕಷ್ಟವಾಗಲಿ ಸುಖವಾಗಲಿ ಸದ್ಯದ ಮಟ್ಟಿಗೆ ಮಾತ್ರ ಎಂದು ಬೀದಿಯವರೆಲ್ಲ ಸೇರಿ ಹಾಡುತ್ತಾರೆ. ಆ ಹಾಡಿನಲ್ಲಿ ಬರುತ್ತಿದ್ದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಹೆಸರನ್ನು ಅವರ ಅವಧಿ ಮುಗಿದ ಮೇಲೆ ಬದಲಿಸಬೇಕಾಯಿತು!

ಫಲಿತಾಂಶ ಬಂದ ಮರುದಿನವೇ ‘ಮುಂದೇನು?’ ಎಂದು ಕೇಳುವುದು ನಮ್ಮ ಮನೆಗಳ ರೂಢಿ. ಉತ್ತರ ತಕ್ಷಣ ಹೊಳೆಯದ ಮಗ ಅಥವಾ ಮಗಳು ದಾರಿ ತಪ್ಪಿದ್ದಾರೆಂದಲ್ಲ. ಅವೆನ್ಯೂ ಎ ಇಂದ ನಡೆಯುತ್ತಾ ಇನ್ನೂ ಕ್ಯೂ ತಲುಪಿಲ್ಲ, ಅಷ್ಟೇ.