ಅಪ್ಪನ ಹಲಗಿ, ಮಗನ ಡ್ರಮ್ಮು

ಶಾಲೆಯ ಬ್ಯಾಂಡಿಗೆ ಸೇರುವ ಹುಡುಗರೆಲ್ಲರ ಕಣ್ಣು ಮೊದಲು ಬೀಳುವುದು ಬ್ಯೂಗಲ್ಲಿನ ಮೇಲೆ. ಹಿತ್ತಾಳೆಯ ಆ ಹೊಳಪೇನು, ಆ ಠೀವಿಯೇನು! ಆದರೆ ಆ ಕಹಳೆ ಹೊಳೆದಷ್ಟು ಸುಲಭವಾಗಿ ನುಡಿಯುವುದಿಲ್ಲ. ಅದಕ್ಕೆ ಬೆರಳಾಡಿಸಲು ರಂಧ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ. ಸ್ವರವೆಲ್ಲವೂ ತುಟಿಯ ಬಿಗಿತದಿಂದಲೇ ಹುಟ್ಟಬೇಕು. ಬರಿದೆ ಕೆನ್ನೆಯುಬ್ಬಿಸಿ ಊದಿದವನಿಗೆ ದಕ್ಕುವುದು ಗಾಳಿಯ ಸದ್ದು ಮಾತ್ರ. ಎರಡು ದಿನ ಕಳೆಯುವುದರೊಳಗಾಗಿ ಅರ್ಧ ಹುಡುಗರು ತಾಳದ ಕಡೆಗೆ ಸರಿದಿರುತ್ತಾರೆ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಯ ಹುಡುಗನೊಬ್ಬನು ಮಾತ್ರ ಯಾವ ವಾದ್ಯಕ್ಕೂ ಕೈಚಾಚದೆ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದನು. ಕಾರಣ ಊರಿಗೆಲ್ಲ ಗೊತ್ತಿದ್ದುದೇ. ಅವನ ತಂದೆ ಊರಿನ ಹಲಗಿಯವನು. ಅಲಾಯಿ ಹಬ್ಬವಿರಲಿ, ಜಾತ್ರೆಯಿರಲಿ, ಊರಿನಲ್ಲಿ ಯಾರಾದರೂ ಕಣ್ಣು ಮುಚ್ಚಲಿ, ಹಲಗಿಯಿಲ್ಲದೆ ಯಾವುದೂ ಮುಂದೆ ಸಾಗದು. ಮೆರವಣಿಗೆಯಲ್ಲಿ ಅವನು ಎಲ್ಲರಿಗಿಂತ ಮುಂದೆ. ಊಟದ ಹೊತ್ತಿಗೆ ಎಲ್ಲರಿಗಿಂತ ಹಿಂದೆ. ಇದನ್ನು ಹುಡುಗ ಕಣ್ಣಾರೆ ಕಂಡಿದ್ದನು.

ಮೊದಲ ವಾರ ಮಾಸ್ತರು ಡ್ರಮ್ಮನ್ನು ಯಾರಿಗೂ ಕೊಡಲಿಲ್ಲ. ಮಕ್ಕಳನ್ನು ಬೆಂಚುಗಳ ಮುಂದೆ ನಿಲ್ಲಿಸಿ ಎರಡೆರಡು ಕೋಲುಗಳನ್ನು ಕೊಟ್ಟರು. ಬಲ, ಎಡ, ಬಲ, ಎಡ! ನಿಮಿಷಕ್ಕೆ 120 ಹೆಜ್ಜೆಯ ನಡಿಗೆಗೆ ಸರಿಯಾಗಿ ಪೆಟ್ಟು ಬೀಳಬೇಕು. ಉಳಿದವರ ಎಡಗೈ ಬಲಗೈಯ ಹಿಂದೆ ಕುಂಟುತ್ತಿದ್ದಾಗ, ಈ ಹುಡುಗನ ಬೆಂಚು ಮಾತನಾಡತೊಡಗಿತು. ಒಂದೇ ಪೆಟ್ಟಿನಲ್ಲಿ ಕೋಲು ಎರಡು ಸಲ ಪುಟಿಯುವಂತೆ ಮಾಡುವುದಕ್ಕೆ ತಿಂಗಳುಗಟ್ಟಲೆ ಸಾಧನೆ ಬೇಕು. ಅವನಿಗೆ ಅದು ಆಡುತ್ತಾಡುತ್ತ ಬಂದಿತು.

“ಎಲ್ಲಿ ಕಲ್ತಿಯೋ?” ಎಂದರು ಮಾಸ್ತರು.

ಹುಡುಗನು ಉತ್ತರಿಸಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮಾಸ್ತರು ನಕ್ಕವನನ್ನು ಗದರಿಸಲಿಲ್ಲ. ಸೈಡ್ ಡ್ರಮ್ಮಿನ ಪಟ್ಟಿಯನ್ನು ತಂದು ಹುಡುಗನ ಹೆಗಲಿಗೇರಿಸಿದರು.

ಸಂಗತಿ ತಿಳಿದಾಗ ತಂದೆಯ ಮುಖ ಕಪ್ಪಿಟ್ಟಿತು. “ಬಾರ್ಸೂದು ನನ್ನ ಕಾಲಕ್ಕ ಮುಗೀಲಿ ಅಂತ ನಿನ್ನ ಸಾಲಿಗೆ ಹಾಕೀನಿ. ಹಲಗಿ ನನ್ನ ಕೊಳ್ಳಾಗ ಇರ್ಲಿ, ನೀ ಪಾಟಿ ಹಿಡಿ.”

ಆ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚು. ಯಾವುದರಿಂದ ತಪ್ಪಿಸಬೇಕೆಂದು ಮಗನನ್ನು ಶಾಲೆಗೆ ಕಳಿಸಿದನೋ ಅದೇ ಶಾಲೆಯ ಬಾಗಿಲಲ್ಲಿ ಕಾದು ಕುಳಿತಿದ್ದರೆ, ಯಾವ ತಂದೆ ತಾನೆ ಸಹಿಸಿಯಾನು?

“ಅಪ್ಪಾ, ಇದು ಮಂದಿ ಮನಿ ಮುಂದ ನಿಂತು ಬಾರ್ಸೂದಲ್ಲ, ಝಂಡಾದ ಮುಂದ ಬಾರ್ಸೂದು. ಗೌಡರ ಮಗಾನೂ ನನ್ನ ಪೆಟ್ಟಿಗೇ ಹೆಜ್ಜಿ ಹಾಕ್ತಾನ” ಎಂದನು ಹುಡುಗ. ತಂದೆ ಮರುಮಾತಾಡಲಿಲ್ಲ.

ಈ ಸೀಮೆಯ ಮಕ್ಕಳಿಗೆ ಧ್ವಜ ಹಾರಿಸುವ ದಿನ ಇನ್ನೊಂದು ಹೆಚ್ಚು. ಆಗಸ್ಟ್ 15, ಜನವರಿ 26 ದೇಶಕ್ಕೆಲ್ಲ ಉಂಟು. ಇಲ್ಲಿ ಸೆಪ್ಟೆಂಬರ್ 17 ಸಹ. 1947ರಲ್ಲಿ ದೇಶಕ್ಕೆ ಬಂದ ಬಿಡುಗಡೆ, ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಮುಟ್ಟಿದ್ದು 1948ರಲ್ಲಿ, ಹದಿಮೂರು ತಿಂಗಳು ತಡವಾಗಿ. ಕೆಲವು ಕೇರಿಗಳಿಗೆ ಅದು ಇನ್ನೂ ತಡವಾಗಿ ಬರುತ್ತದೆ.

ಆ ಬೆಳಗ್ಗೆ ತುಂತುರು ಮಳೆ. ಇಂಥ ಹವೆಯಲ್ಲಿ ಹಲಗಿಯ ತೊಗಲು ಸಡಿಲುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಮತ್ತೆ ಬಿಗಿಗೊಳಿಸಬೇಕು. ಶಾಲೆಯ ಡ್ರಮ್ಮಿಗೆ ಪ್ಲಾಸ್ಟಿಕ್ ಹಾಳೆ. ಮಳೆಗೆ ಅದು ಜಗ್ಗಲಿಲ್ಲ. ಪ್ರಭಾತಫೇರಿ ಅಗಸೆಯನ್ನು ದಾಟಿ, ಚಾವಡಿಯನ್ನು ಸುತ್ತಿ, ಹುಡುಗನ ಕೇರಿಗೂ ಬಂದಿತು. ಮುಂದೆ ಅವನು, ಹಿಂದೆ ಊರಿನ ಮಕ್ಕಳೆಲ್ಲ ಅವನ ಪೆಟ್ಟಿಗೆ ಸರಿಯಾಗಿ ಕಾಲೆತ್ತಿಡುತ್ತಿದ್ದರು. ತಂದೆ ಹೊಸ್ತಿಲಲ್ಲಿ ನಿಂತು ನೋಡಿದನು. ಏನೂ ಹೇಳಲಿಲ್ಲ.

ರಾತ್ರಿ ರೊಟ್ಟಿ ಮುರಿಯುತ್ತ ಕೇಳಿದನು: “ಅದನ್ನ ಕಾಸೂದು ಬ್ಯಾಡೇನು?”

“ಬ್ಯಾಡಪ್ಪಾ.”

ತುಸು ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ತಂದೆ ಮಗನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಮಣಿಕಟ್ಟನ್ನು ಮೆಲ್ಲನೆ ಅಲುಗಾಡಿಸಿದನು.

“ಇದನ್ನ ಭಾಳ ಗಟ್ಟಿ ಹಿಡಿದಿದ್ದಿ. ಹಗೂರ ಬಿಡು” ಎಂದನು.