ಹಳದಿ ದೀಪದ ಅನುಮಾನ

ಕನ್ನಡದಲ್ಲಿ ಅನುಮಾನವೆಂದರೆ ಸಂದೇಹ. ತರ್ಕಶಾಸ್ತ್ರದಲ್ಲಾದರೋ ಅದೇ ಶಬ್ದಕ್ಕೆ, ಗುರುತನ್ನು ಕಂಡು ಕಾರಣವನ್ನು ನಿಶ್ಚಯಿಸುವ ಪ್ರಮಾಣವೆಂದು ಅರ್ಥ. ಈ ಎರಡು ಅರ್ಥಗಳ ನಡುವಣ ಅಂತರವೆಷ್ಟೆಂಬುದನ್ನು ಈಗಿನ ಮೋಟಾರುಗಾಡಿಗಳಲ್ಲಿ ಚಾಲಕನ ಕಣ್ಣೆದುರಿಗೆ ಹತ್ತುವ ಹಳದಿ ದೀಪವೊಂದು ಚೆನ್ನಾಗಿ ತಿಳಿಸಿಕೊಡುತ್ತದೆ. ಜಾರುತ್ತಿರುವ ಕಾರಿನ ಚಿತ್ರ, ಅದರಡಿಯಲ್ಲಿ ಹಾವಿನಂತೆ ಬಳುಕಿದ ಎರಡು ಗೆರೆ. ಇದು ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆಯ ದೀಪ. ಕನ್ನಡದಲ್ಲಿ ಹಿಡಿತ-ನಿಯಂತ್ರಣವೆನ್ನಬಹುದೇನೋ, ಆದರೆ ಗ್ಯಾರೇಜಿನಲ್ಲಿ ಆ ಮಾತನ್ನಾಡಿದರೆ ಯಾರಿಗೂ ತಿಳಿಯಲಾರದು.

ಇದರ ಕೆಲಸ ಗೂಢವೇನಲ್ಲ. ನಾಲ್ಕು ಚಕ್ರಗಳ ಬಳಿಯೂ ಒಂದೊಂದು ಸೆನ್ಸರು ಇರುತ್ತದೆ. ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರವನ್ನೋ ಅಯಸ್ಕಾಂತದ ಉಂಗುರವನ್ನೋ ಗಮನಿಸುತ್ತ ಅದು ವೇಗವನ್ನು ಎಣಿಸುತ್ತದೆ. ಎಂಜಿನ್ನು ತಿರುಗಿಸುವ ಚಕ್ರವೊಂದು ಕೆಸರಿನಲ್ಲಿ ಸಿಕ್ಕಿ ಉಳಿದವುಗಳಿಗಿಂತ ಬಿರುಸಾಗಿ ಸುತ್ತತೊಡಗಿದರೆ, ಗಾಡಿಯ ಗಣಕವು ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಆ ಒಂದು ಚಕ್ರಕ್ಕಷ್ಟೇ ಬ್ರೇಕನ್ನೂ ಹಾಕಿಸುತ್ತದೆ. ಬ್ರೇಕು ಹಾಕಿದಾಗ ಚಕ್ರಗಳು ಬಿಗಿದುಕೊಳ್ಳದಂತೆ ಕಾಯುವ ಎಬಿಎಸ್ಸಿಗೂ ಇವೇ ಸೆನ್ಸರುಗಳು ಕಣ್ಣು. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂದಿತು. ಭಾರತದ ಹೊಸ ಕಾರುಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾಗಿದೆ. ಕಣ್ಣು ಒಂದೇ ಆದುದರಿಂದ ಒಂದು ಸೆನ್ಸರು ಕೆಟ್ಟರೆ ಎರಡು ದೀಪಗಳೂ ಜೊತೆಯಾಗಿ ಹತ್ತುವುದುಂಟು. ಹಳದಿ ದೀಪವು ಮಿಣುಕಿದರೆ ವ್ಯವಸ್ಥೆಯು ದುಡಿಯುತ್ತಿದೆಯೆಂದು ತಿಳಿಯತಕ್ಕದ್ದು. ಎಡೆಬಿಡದೆ ಉರಿದರೆ, ದೋಷದಿಂದ ಅದು ಕೈಬಿಟ್ಟಿದೆ, ಇಲ್ಲವೆ ಯಾರೋ ಗುಂಡಿಯೊತ್ತಿ ಬಿಡಿಸಿದ್ದಾರೆ. ಆಗಲೂ ಮಾಮೂಲು ಬ್ರೇಕು ಇರುತ್ತದೆಯಾಗಿ ಮೆಲ್ಲಗೆ ಸಾಗಬಹುದು. ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಗಾಡಿಯನ್ನು ನಿಲ್ಲಿಸಲೇಬೇಕು.

ಬೆಳಗಾವಿಯ ಪೇಟೆಯಲ್ಲಿ ಓಡಾಡುವವರಿಗೆ ಈ ದೀಪವು ಬರಿಯ ಕಿರಿಕಿರಿ; ಖಾನಾಪುರ ತಾಲೂಕಿನವರಿಗೆ ಹಾಗಲ್ಲ. ಆ ಊರಿಗೆ ಹಂಚು-ಮಡಕೆಗಳ ಹೆಸರನ್ನು ತಂದುಕೊಟ್ಟ ಮಣ್ಣೇ ಮಳೆಗಾಲದಲ್ಲಿ ಚಕ್ರದಡಿಗೆ ಬೆಣ್ಣೆಯಾಗುತ್ತದೆ. ಜಾಂಬೋಟಿಯ ಕಡೆಯ ಹಳ್ಳಿಯೊಂದರಲ್ಲಿ ತೋಟ ಮಾಡಿಕೊಂಡಿರುವ ಸದ್ಗೃಹಸ್ಥರೊಬ್ಬರು ವಾರಕ್ಕೆರಡು ಸಲ ತಮ್ಮ ಪತ್ನಿಯನ್ನು ಡಯಾಲಿಸಿಸಿಗಾಗಿ ಬೆಳಗಾವಿಗೆ ಕರೆದೊಯ್ಯುತ್ತಾರೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಆ ಹೆದ್ದಾರಿಯಲ್ಲಿ ತೊಂದರೆಯಿಲ್ಲ. ತೊಂದರೆಯಿರುವುದು ಮನೆಯಿಂದ ಡಾಂಬರಿನವರೆಗೆ ಇಳಿಯುವ ಕೆಮ್ಮಣ್ಣಿನ ಹಾದಿಯಲ್ಲಿ. ಮಳೆಯೆಂದು ದಿನವನ್ನು ಮುಂದೂಡುವಂತಿಲ್ಲ. ಆ ವ್ಯಾಧಿಯು ಯಾರಿಗೂ ರಜೆ ಕೊಡುವುದಿಲ್ಲ. ಇಂಥ ಹಾದಿಯಲ್ಲಿ, ಇಂಥ ಪ್ರಯಾಣದಲ್ಲಿ, ಕಳೆದ ಮಳೆಗಾಲದಲ್ಲಿ ದೀಪ ಹತ್ತಿತು.

ಬೆಳಗಾವಿಯ ಗ್ಯಾರೇಜೊಂದರಲ್ಲಿ, ಎಬಿಎಸ್ಸಿನ ಪಂಪು-ಕವಾಟಗಳಿರುವ ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಹೇಳಿದರು. ಕೇಳಿದ ಮೊತ್ತವು ಆ ಮನೆಯ ಎರಡು ತಿಂಗಳ ಔಷಧದ ಖರ್ಚನ್ನು ಮೀರುತ್ತಿತ್ತು. ಆ ಪೆಟ್ಟಿಗೆಯು ಎಂದೂ ಕೆಡುವುದಿಲ್ಲವೆಂದಲ್ಲ. ಆದರೆ ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯಂತೆ, ದೀಪವಿದ್ದಲ್ಲಿ ಪೆಟ್ಟಿಗೆ ಕೆಟ್ಟಿದೆಯೆಂಬ ವ್ಯಾಪ್ತಿ ಎಲ್ಲಿದೆ? ಸೆನ್ಸರಿಗೆ ಮೆತ್ತಿದ ಕೆಸರು, ಹರಿದ ತಂತಿ, ಸವೆದ ಬೇರಿಂಗು, ಮೂರರ ನಡುವೆ ಬೇರೆ ಅಳತೆಯ ಒಂದು ಟಯರು, ಸೊರಗಿದ ಬ್ಯಾಟರಿ, ಇವುಗಳಲ್ಲಿ ಯಾವುದಿದ್ದರೂ ಅದೇ ದೀಪ ಹತ್ತಬಹುದು. ತಾರ್ಕಿಕರು ಇಂಥದನ್ನು ಅನೈಕಾಂತಿಕ ಹೇತುವೆನ್ನುತ್ತಾರೆ. ಗೃಹಸ್ಥರು ಹಾಗೆನ್ನಲಿಲ್ಲ, ದುಡ್ಡಿಲ್ಲವೆಂದು ಹೇಳಿ ಹೊರಟುಬಂದರು.

ಖಾನಾಪುರದ ತರುಣ ಮೆಕ್ಯಾನಿಕ್ ಒಬ್ಬನು ಸ್ಟೀರಿಂಗಿನ ಕೆಳಗಣ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿ ಸಂಕೇತವನ್ನು ಓದಿದನು. ಅಗ್ಗದ ಉಪಕರಣಗಳಲ್ಲಿ ಹಲವು ಎಂಜಿನ್ನಿನ ದೋಷಗಳನ್ನಷ್ಟೇ ಓದುತ್ತವೆ. ಎಬಿಎಸ್ಸಿನದನ್ನೂ ಓದಬಲ್ಲದ್ದು ಬೇಕು. ಮುಂದಿನ ಎಡಚಕ್ರದ ಸುದ್ದಿ ಬರುತ್ತಿಲ್ಲವೆಂದು ಸಂಕೇತವು ಹೇಳಿತು. ಯಾವ ಚಕ್ರವೆಂದು ಹೇಳಿತೇ ಹೊರತು ಯಾವ ಭಾಗವೆಂದು ಹೇಳಲಿಲ್ಲ. ಆತನು ಚಕ್ರವನ್ನು ಬಿಚ್ಚಿ, ಅಂಗೈ ದಪ್ಪದ ಕೆಮ್ಮಣ್ಣನ್ನು ತೊಳೆದನು. ದೀಪವು ಆರಿತು, ಎಲ್ಲರಿಗೂ ಸಮಾಧಾನವಾಯಿತು, ಮೂರನೆಯ ದಿನ ಮತ್ತೆ ಹತ್ತಿತು. ಕಾಗೆ ಕೂತಿತು, ತಾಳೆಹಣ್ಣು ಬಿದ್ದಿತು, ಅಷ್ಟೆ. ಎಂಜಿನ್ನನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗಲೆಲ್ಲ ಗಣಕವು ಹೊಸದಾಗಿ ಪರೀಕ್ಷಿಸುವುದರಿಂದ, ಬಂದುಹೋಗುವ ದೋಷವಿದ್ದಲ್ಲಿ ದೀಪವು ತಾನಾಗಿ ಆರಿರುವುದುಂಟು.

ಮುಂದಿನ ಮಾತನ್ನು ಹೇಳಿದವರು ಆ ಗೃಹಿಣಿ. ಚಾಲಕನ ದೃಷ್ಟಿ ಹಾದಿಯ ಮೇಲೆ. ಚಿಕಿತ್ಸೆ ಮುಗಿಸಿ ಮಾತನಾಡುವ ತ್ರಾಣವಿಲ್ಲದೆ ಪಕ್ಕದಲ್ಲಿ ಕುಳಿತವರ ದೃಷ್ಟಿ ದೀಪದ ಮೇಲೆ. ಅದು ಹೆದ್ದಾರಿಯಲ್ಲಿ ಹತ್ತುವುದೇ ಇಲ್ಲವೆಂದೂ, ಹೊರಡುವಾಗ ಬೇಲಿಯ ಬಳಿಯ ತಿರುವಿನಲ್ಲಿ, ಬರುವಾಗ ಮನೆಯ ಓಣಿಗೆ ಹೊರಳುವಲ್ಲಿ ಹತ್ತುತ್ತದೆಂದೂ ಅವರು ಹೇಳಿದರು. ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

ಸ್ಟೀರಿಂಗು ತಿರುಗಿದಾಗ ಅದರೊಡನೆ ಬಾಗುವ ವಸ್ತು ಸೆನ್ಸರಿನ ತಂತಿ. ಎಲ್ಲ ಕಾರುಗಳಲ್ಲಿ ಹಾಗಿರದಿದ್ದರೂ ಆ ಕಾರಿನಲ್ಲಿ ಮುಂದಿನ ಎಡಬಲದ ಸೆನ್ಸರುಗಳು ಒಂದೇ ಬಗೆಯವು. ಮೆಕ್ಯಾನಿಕನು ಎರಡನ್ನೂ ತಂತಿಸಹಿತ ಅದಲು ಬದಲು ಮಾಡಿ, ಸಂಕೇತವನ್ನು ಅಳಿಸಿ, ಗಾಡಿಯನ್ನು ನಾಲ್ಕು ಸಲ ತಿರುವಿನಲ್ಲಿ ಓಡಿಸಿದನು. ಈಗ ಸಂಕೇತವು ಬಲಚಕ್ರವೆಂದಿತು. ಸೆನ್ಸರು ಹೋದಲ್ಲಿಗೆ ದೋಷವೂ ಹೋಯಿತು. ಅದು ಬಿಟ್ಟುಬಂದ ಎಡೆಯಲ್ಲಿ ದೋಷವಿಲ್ಲ. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ಬೇರಿಂಗು, ಉಂಗುರ, ಪೆಟ್ಟಿಗೆ ಎಲ್ಲವೂ ಒಂದು ತಾಸಿನಲ್ಲಿ ನಿರ್ದೋಷಿಗಳಾದವು.

ಹೊಸ ಸೆನ್ಸರಿಗೆ ಒಂದು ಟಯರಿನ ಬೆಲೆಯೂ ಬೀಳಲಿಲ್ಲ. ಹಳೆಯದರ ತಂತಿಯನ್ನು ಬೆಸೆದರೆ ಸಾಲದೇ ಎಂದು ಗೃಹಸ್ಥರು ಕೇಳಿದ್ದರು. ಬೆಸೆದ ಎಡೆಯು ಬಿರುಸಾಗಿ, ಬಾಗುವ ತಂತಿಯು ಅದರ ಮಗ್ಗುಲಲ್ಲೇ ಮತ್ತೆ ಮುರಿಯುತ್ತದೆಂದು ಆತನು ಒಪ್ಪಲಿಲ್ಲ. ಆ ತಂತಿಯನ್ನು ಚಾಕುವಿನಿಂದ ಸೀಳಿ ತೋರಿಸಿದನು. ಹೊರಗಣ ರಬ್ಬರಿನಲ್ಲಿ ಒಂದು ಬಿರುಕೂ ಇರಲಿಲ್ಲ; ಒಳಗೆ ತಾಮ್ರದ ಎಳೆಗಳು ತುಂಡಾಗಿ, ತಂತಿ ನೆಟ್ಟಗಿದ್ದಾಗ ತುದಿಗೆ ತುದಿ ತಾಗಿಕೊಂಡೂ ಬಾಗಿದಾಗ ಬಿಟ್ಟುಕೊಂಡೂ ಇದ್ದವು. ತಂತಿಯನ್ನು ಹಿಡಿದಿಡುವ ಸಣ್ಣ ಕ್ಲಿಪ್ಪು ಎಂದೋ ಕಳಚಿ ಬಿದ್ದಿತ್ತು. ಹೊಸದೊಂದನ್ನು ಹಾಕಿ, ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ತಂತಿಯು ಎಲ್ಲಿಯೂ ಜಗ್ಗುವುದಿಲ್ಲವೆಂದು ನೋಡಿದ ಮೇಲೆಯೇ ಆತನು ಚಕ್ರವನ್ನು ಬಿಗಿದನು.