ತಾಳ ತಪ್ಪಿದರೆ ಹಗ್ಗ ತಪ್ಪೀತು



ಗಂಡ ಹೆಂಡತಿ ಇಬ್ಬರೇ ಪ್ರವಾಸಕ್ಕೆ ಹೋಗುವುದು ನಮ್ಮ ಅಕ್ಕಲಕೋಟ ಕಡೆ ಅಷ್ಟೇನೂ ರೂಢಿಯಲ್ಲಿಲ್ಲ. ಹೋದರೆ ಪಂಢರಪುರ, ತುಳಜಾಪುರ, ಗಾಣಗಾಪುರ. ಅದೂ ಅತ್ತೆ, ಮಕ್ಕಳು, ನಾದಿನಿ, ರೊಟ್ಟಿ ಬುತ್ತಿಯ ಗಂಟು ಎಲ್ಲ ಸೇರಿ ಒಂದು ಕ್ರೂಸರ್ ಗಾಡಿ ತುಂಬಬೇಕು. ಹೀಗಿರುವಾಗ 2018ರ ದೀಪಾವಳಿ ರಜೆಯಲ್ಲಿ ನಾವಿಬ್ಬರೇ ಮುಂಬಯಿಗೆ ಹೋಗಿ ಬಂದೆವು. ದೇವರಿಗಲ್ಲ, ಮದುವೆಗಲ್ಲ, ದವಾಖಾನೆಗೂ ಅಲ್ಲ. ಒಂದು ಆಟ ನೋಡಲು!

ಆ ವರ್ಷ ನವೆಂಬರಿನಲ್ಲಿ ಕೆನಡಾ ದೇಶದ 'ಸರ್ಕ್ ದ್ಯು ಸೊಲೇ' ಎಂಬ ಪ್ರಸಿದ್ಧ ಮಂಡಳಿ ಮೊದಲ ಸಲ ಭಾರತಕ್ಕೆ ಬಂದಿತ್ತು. ಆಟದ ಹೆಸರು 'ಬಜಾರ್'. ಮುಂಬಯಿಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಮೈದಾನದಲ್ಲಿ ದೊಡ್ಡ ಡೇರೆ ಹಾಕಿದ್ದರು. ಪೇಪರಿನಲ್ಲಿ ಫೋಟೋ ನೋಡಿದ ನಮ್ಮ ಮನೆಯವರು, "ಒಮ್ಮಿ ನೋಡ್ಕೊಂಡು ಬರೂಣು ನಡೀ" ಅಂದರು. ಇವರು ಸೊಲ್ಲಾಪುರದಲ್ಲಿ ಚಾದರದ ಮಗ್ಗದ ಮೇಲೆ ಇಪ್ಪತ್ತು ವರ್ಷ ದುಡಿದವರು. ಮದುವೆಯಾದಾಗಿನಿಂದ ತಮಗಾಗಿ ಇದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. ನಮ್ಮ ಭಿಶಿ ಅದೇ ತಿಂಗಳು ಎದ್ದಿತ್ತು. ಹೊಲಿಗೆ ಯಂತ್ರ ಕೊಳ್ಳುವ ದುಡ್ಡು ಟಿಕೇಟಿಗೆ ಹೋಯಿತು. ಮಗಳು ಮೊಬೈಲಿನಲ್ಲಿ ಬುಕ್ ಮಾಡಿಕೊಟ್ಟಳು. ಅತ್ತೆಯವರು ಮಾತ್ರ, "ದೊಂಬರಾಟ ನೋಡಾಕ ಮುಂಬೈಕ್ಕ ಯಾಕ ಹೋಗಬೇಕವಾ? ಅಗಸಿ ಮುಂದ ಪುಕ್ಕಟ ಬರ್ತದಲಾ!" ಅಂದುಬಿಟ್ಟರು. ಆ ಮಾತನ್ನು ಇಬ್ಬರೂ ನಕ್ಕು ಮರೆತೆವು. ಆದರೆ ಅದು ನಮ್ಮನ್ನು ಮರೆಯಲಿಲ್ಲ!

ರಾತ್ರಿ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಮುಂಬಯಿ. ಮಕ್ಕಳಿಲ್ಲದೆ ಕೂತಾಗ ಏನು ಮಾತಾಡಬೇಕು ಎಂಬುದೇ ನಮಗೆ ತಿಳಿಯದು. ಕುರ್ಡುವಾಡಿ ಬರುವ ತನಕ ಮನೆಯ ಗ್ಯಾಸ್, ಎಮ್ಮೆ, ಅತ್ತೆಯವರ ಗುಳಿಗೆ ಇದೇ ಆಯಿತು. ಆಮೇಲೆ ಅವರು ತಾವು ಸಣ್ಣವರಿದ್ದಾಗ ಸೊಲ್ಲಾಪುರದಲ್ಲಿ ನೋಡಿದ ಸರ್ಕಸ್ಸಿನ ಕಥೆ ತೆಗೆದರು. ಇಷ್ಟು ವರ್ಷ ಸಂಸಾರ ಮಾಡಿ ಈ ಕಥೆ ನಾವು ಕೇಳಿರಲೇ ಇಲ್ಲ ನೋಡಿ.

ಸರ್ಕಸ್ಸಿನ ಕಥೆ ಬಂದದ್ದಕ್ಕೆ ನಮ್ಮ ಸೀಮೆಯದೇ ಒಂದು ಹಳೆಯ ಕಥೆ ಹೇಳಬೇಕು. ಭಾರತೀಯರೇ ಕಟ್ಟಿದ ಮೊದಲ ಸರ್ಕಸ್ ವಿಷ್ಣುಪಂತ ಛತ್ರೆ ಅವರದು. ಮೊದಲ ಆಟ 1880ರ ಮಾರ್ಚ್ 20ರಂದು, ಇದೇ ಮುಂಬಯಿಯಲ್ಲಿ. ಛತ್ರೆಯವರು ಕುರುಂದವಾಡದ ಅರಸರ ಆಶ್ರಯದಲ್ಲಿದ್ದವರು. ಕುರುಂದವಾಡ ಎಂದರೆ ನಮ್ಮ ಹಾಗೆಯೇ ಕನ್ನಡ ಗಡಿಗೆ ಅಂಟಿಕೊಂಡ ಊರು. ಛತ್ರೆ ಬರೀ ಕುದುರೆ ಸವಾರರಲ್ಲ, ಹಾಡುಗಾರರೂ ಹೌದು. ಗ್ವಾಲಿಯರಿನ ಹದ್ದೂಖಾನರಲ್ಲಿ ಸಂಗೀತ ಕಲಿತಿದ್ದರು. ಮುಂದೆ ಗುರುವಿನ ಮಗ ರಹಿಮತ್ ಖಾನರು ಕಾಶಿಯಲ್ಲಿ ದಿಕ್ಕಿಲ್ಲದೆ ತಿರುಗುತ್ತಿದ್ದಾಗ ಕರೆತಂದು ತಮ್ಮ ಜೊತೆ ಇಟ್ಟುಕೊಂಡರು. ಆ ಮಹಾನ್ ಗಾಯಕ ಸರ್ಕಸ್ಸಿನ ಜೊತೆ ಊರೂರು ತಿರುಗಿ ಹಾಡಿದರು. 1922ರಲ್ಲಿ ಅವರು ತೀರಿಕೊಂಡದ್ದೂ ಕುರುಂದವಾಡದಲ್ಲೇ. ಅಂದರೆ ನಮ್ಮ ದೇಶದಲ್ಲಿ ಸರ್ಕಸ್ಸಿಗೂ ಸಂಗೀತಕ್ಕೂ ಮೊದಲಿಂದಲೇ ಒಂದೇ ಡೇರೆ!

ಈಗ ಮುಂಬಯಿಯ ಡೇರೆಗೆ ಬರೋಣ. ನಮಗೆ ಹಿಂದಿನ ಕುರ್ಚಿ ಸಿಕ್ಕಿತ್ತು. ಕಥೆ ಅಂತ ದೊಡ್ಡದೇನಿಲ್ಲ. ಒಬ್ಬ ಮೇಳದ ನಾಯಕ, ಅವನ ಮಾತು ಕೇಳುವ, ಕೇಳದಿರುವ ಆಟಗಾರರು, ಕುಣಿಯುವವರು, ಬಾರಿಸುವವರು ಎಲ್ಲ ಕೂಡಿ ಒಂದು ಹೊಸ ಲೋಕ ಕಟ್ಟುತ್ತಾರೆ. ಪ್ರಾಣಿಗಳಿಲ್ಲ. ಹಾಡುವವರೂ ಬಾರಿಸುವವರೂ ಕಣ್ಣೆದುರೇ ಇದ್ದರು. ಸಣ್ಣ ದುಂಡನೆಯ ಹಲಗೆಯ ಮೇಲೆ ಗಾಲಿಯ ಬೂಟು ತೊಟ್ಟ ಜೋಡಿಯೊಂದು ಬುಗುರಿಯಂತೆ ತಿರುಗಿತು. ಏತದಂಥ ಹಲಗೆಯ ಒಂದು ತುದಿಗೆ ಒಬ್ಬ ಜಿಗಿದರೆ ಇನ್ನೊಂದು ತುದಿಯವನು ಚಿಮ್ಮಿ ಗಾಳಿಯಲ್ಲಿ ಲಾಗ ಹಾಕಿ ಕೆಳಗೆ ಬರುವನು. ನಾವು ಸೆರಗಿನ ತುದಿ ಕಚ್ಚಿ ಕೂತಿದ್ದೆವು.

ಮನೆಯವರು ಮಾತ್ರ ಕಣ್ಣು ಮುಚ್ಚಿದ್ದರು! ನಿದ್ದೆ ಬಂತೇನೋ, ಇಷ್ಟು ದುಡ್ಡು ಕೊಟ್ಟು... ಎಂದು ಮೊಣಕೈಯಿಂದ ತಿವಿದೆವು.

"ರೀ, ಮಲಗಿದ್ರೇನು?"

"ಇಲ್ಲಾ, ಕೇಳಾಕತ್ತೀನಿ. ನೀ ಬಾಜಾದ ಕಡೆ ಲಕ್ಷ್ಯ ಕೊಡು. ಅವ ಜಿಗಿಯೂ ತನಕ ಅದೇ ಅದೇ ಬಾರಿಸ್ತಾರ. ಅವ ಜಿಗಿದ ಮ್ಯಾಲೆ ಮುಂದ ಹೋಗ್ತಾರ. ಬಾಜಾದ ಹಿಂದ ಆಟ ಇಲ್ಲ, ಆಟದ ಹಿಂದ ಬಾಜಾ ಅದ."

ಮಗ್ಗದ ಮೇಲೆ ದುಡಿದ ಕಿವಿ ಅದು. ಅಷ್ಟು ಮಗ್ಗಗಳ ಗದ್ದಲದಲ್ಲೂ ಒಂದು ಎಳೆ ಹರಿದರೆ ಸಪ್ಪಳದಿಂದಲೇ ಗೊತ್ತಾಗುತ್ತದೆ ಅಂತ ಅವರು ಯಾವಾಗಲೂ ಹೇಳುತ್ತಾರೆ. ಆಮೇಲೆ ಓದಿ ನೋಡಿದೆವು, ಅವರು ಹೇಳಿದ್ದು ಖರೆ. ಇಂಥ ಆಟಗಳಲ್ಲಿ ವಾದ್ಯದವರ ಮುಖ್ಯಸ್ಥ ಆಟಗಾರನ ಮೇಲೇ ಕಣ್ಣಿಟ್ಟಿರುತ್ತಾನೆ. ಅವನು ಸಜ್ಜಾಗುವ ತನಕ ಒಂದು ತುಣುಕನ್ನೇ ತಿರುಗಿ ತಿರುಗಿ ನುಡಿಸುತ್ತಾರೆ. ಒಮ್ಮೆ ತಪ್ಪಿ ಮತ್ತೆ ಯತ್ನಿಸಿದರೆ ಸಂಗೀತವೂ ಅವನಿಗಾಗಿ ಕಾಯುತ್ತದೆ. ಹಳೆಯ ಸರ್ಕಸ್ಸಿನ ಬ್ಯಾಂಡಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ಅಮೆರಿಕದ ಸರ್ಕಸ್ಸುಗಳಲ್ಲಿ ಸೂಸಾ ಎಂಬುವರ 'ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಫಾರೆವರ್' ನುಡಿಸಿದರೆ ಏನೋ ಅನಾಹುತವಾಗಿದೆ, ಜನರನ್ನು ಹೊರಗೆ ಕಳಿಸಿ ಎಂದು ಒಳಗಿನವರಿಗೆ ಸೂಚನೆ. 1944ರ ಜುಲೈ 6ರಂದು ಹಾರ್ಟ್‌ಫರ್ಡಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದಾಗ ಬ್ಯಾಂಡು ಅದನ್ನೇ ನುಡಿಸಿತು. 160ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಸಂಗೀತ ಅಲಂಕಾರ ಅಂದುಕೊಂಡಿದ್ದ ನಮಗೆ ಅದು ಕಾವಲು ಎಂದು ಗೊತ್ತಾಯಿತು.

ಅಷ್ಟರಲ್ಲಿ ಬಂತು ನೋಡಿ, ನಮ್ಮ ಮಲ್ಲಖಾಂಬ! ನಮ್ಮ ಜಿಲ್ಲೆಯ ಶಾಲಾ ಮಕ್ಕಳೂ ಕಸರತ್ತು ಮಾಡುವ ಅದೇ ಕಂಬ. ಪೇಶ್ವೆ ಎರಡನೇ ಬಾಜೀರಾಯರ ಕಾಲದಲ್ಲಿ ಬಾಳಂಭಟ್ಟದಾದಾ ದೇವಧರ ಎಂಬ ಉಸ್ತಾದರು ಅದಕ್ಕೆ ಹೊಸ ಜೀವ ಕೊಟ್ಟರು ಎಂದು ಮರಾಠಿ ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಅದಕ್ಕೂ ಬಹಳ ಮೊದಲು, 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲೇ ಮಲ್ಲಸ್ತಂಭದ ಮಾತು ಬರುತ್ತದೆ. ಬರೆಸಿದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಕಲ್ಯಾಣವೆಂದರೆ ನಮ್ಮ ಆಳಂದದ ಆಚೆಗಿನ ಬಸವಕಲ್ಯಾಣವೇ! ಅದೇ ಗ್ರಂಥದಲ್ಲಿ ಮಲ್ಲವಿನೋದವೂ ಇದೆ, ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳೂ ಇವೆ. ಮರಾಠಿ, ಕನ್ನಡ ಎಂದು ಜಗಳಾಡದೆ ಇಬ್ಬರೂ ಹೆಮ್ಮೆಪಡಬಹುದಾದ ಕಂಬವದು. ನಾವಂತೂ ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು.

ತಿರುಗಿ ಬರುವಾಗ ದಾದರ್ ಸ್ಟೇಷನ್ನಿನಲ್ಲಿ ವಡಾಪಾವ್ ತಿನ್ನುತ್ತ ಮನೆಯವರು ಕೇಳಿದರು, "ಖರೇ ಹೇಳು, ನಮ್ಮ ಅಗಸಿ ಮುಂದ ಹಗ್ಗದ ಮ್ಯಾಲೆ ನಡೀತದಲಾ ಆ ಕೂಸು, ಅದಕ್ಕೂ ಇವರಿಗೂ ಏನು ಫರಕು?"

ಅತ್ತೆಯವರ ಮಾತು ಅವರ ತಲೆಯಲ್ಲಿ ಇನ್ನೂ ಇತ್ತು. ನಾವು ರೈಲಿನ ತುಂಬ ಅದನ್ನೇ ಮಾತಾಡಿದೆವು. ಊರಿಗೆ ಬರುವ ದೊಂಬರ ತಾಯಿಯೂ ಡೋಲು ಬಾರಿಸುತ್ತಾಳೆ. ಮಗು ಬಿದಿರು ಹಿಡಿದು ನಿಂತಾಗ ನಿಧಾನ, ಹೆಜ್ಜೆ ಎತ್ತಿದಾಗ ಜೋರು. ಕಣ್ಣು ಮಗುವಿನ ಪಾದದ ಮೇಲೇ. ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲೂ ಹೀಗೇ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಟಾಗ ಬಾರಾಬಂದಿ ತೊಟ್ಟ ಭಕ್ತರು ಆ ಎತ್ತರದ ಕೋಲನ್ನು ತೂಗಿಸಿಕೊಂಡು ನಡೆಯುವುದು ವಾದ್ಯದ ಬಲದ ಮೇಲೆ. 'ಸರ್ಕ್ ದ್ಯು ಸೊಲೇ'ಯ ಹುಟ್ಟೂ ಬೀದಿಯಲ್ಲೇ. ಅದನ್ನು 1984ರಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಗೀ ಲಾಲಿಬೆರ್ಟೆ ಮೊದಲು ಬೀದಿಯಲ್ಲಿ ಅಕಾರ್ಡಿಯನ್ ನುಡಿಸಿ, ಮರಗಾಲು ಕಟ್ಟಿ ನಡೆದು, ಬೆಂಕಿ ನುಂಗಿ ಹೊಟ್ಟೆ ಹೊರೆದವರು. ಮುಂದೆ ಅದೇ ಮಂಡಳಿ ಬೀಟಲ್ಸ್ ಹಾಡುಗಳನ್ನೇ ವಸ್ತುವಾಗಿಟ್ಟು 'ಲವ್' ಎಂಬ ಆಟವನ್ನು ಲಾಸ್ ವೇಗಸ್ಸಿನಲ್ಲಿ 2006ರಿಂದ 2024ರವರೆಗೆ ನಡೆಸಿತು.

ಹಾಗಾದರೆ ಫರಕು ಏನು? ಕಲೆಯಲ್ಲಿ ಅಲ್ಲ. ಮುಂಬಯಿಯ ಆಟಗಾರರು ಬೆಳೆದವರು, ತಮ್ಮ ಇಚ್ಛೆಯಿಂದ ಬಂದವರು, ಸಂಬಳ ಇರುವವರು. ಬೇಕಾದಲ್ಲಿ ಸೊಂಟಕ್ಕೆ ಪಟ್ಟಿ, ಕೆಳಗೆ ಗಾದಿ. ಅಗಸಿ ಮುಂದಿನ ಕೂಸಿಗೆ ಏಳೆಂಟು ವರ್ಷ, ಕೆಳಗೆ ಬರೀ ನೆಲ. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸುಪ್ರೀಂ ಕೋರ್ಟು 2011ರ ಏಪ್ರಿಲ್ 18ರಂದು ಹೇಳಿತು. ಆದರೆ ಊರ ಅಗಸಿಗೆ ಡೇರೆಯೂ ಇಲ್ಲ, ಬಾಗಿಲೂ ಇಲ್ಲ. ಅಲ್ಲಿ ಆ ಕೂಸಿನ ಹೆಸರು ಕೇಳುವವರು ಯಾರು? ಯಾರಾದರೂ ಇದ್ದರೆ ಅದು ಶಾಲೆಯ ಮಾಸ್ತರು, ಬಾಯಿ ಮಾತ್ರ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಮ್ಮೂರ ಹಳ್ಳದ ದಂಡೆಗೆ ಅಂಥದೇ ಒಂದು ಕುಟುಂಬ ಬಂದು ಇಳಿಯಿತು. ಮನೆಯವರು ಡೋಲು ಕೇಳಿ ಹೋಗಿ ಆಟ ನೋಡಿದರು, ದುಡ್ಡು ಹಾಕಿದರು, ಆಮೇಲೆ ಆ ತಾಯಿಯ ಹತ್ತಿರ ಕೂತು ಮಾತಾಡಿದರು. ಮರುದಿನ ಹುಡುಗಿ ಶಾಲೆಗೆ ಬಂದಳು. ಜನನ ದಾಖಲೆ ಇಲ್ಲ, ಹಿಂದಿನ ಶಾಲೆಯ ದಾಖಲೆ ಇಲ್ಲ, ವರ್ಷವೂ ಅರ್ಧ ಮುಗಿದಿತ್ತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇದಾವುದೂ ಅಡ್ಡಿಯಲ್ಲ. ವಯಸ್ಸಿಗೆ ತಕ್ಕ ಇಯತ್ತೆಯಲ್ಲಿ ಕೂಡಿಸಿಕೊಳ್ಳಬೇಕು, ಅಷ್ಟೇ. ಕೂಡಿಸಿಕೊಂಡೆವು.

ಅಕ್ಷರ ಗೊತ್ತಿರಲಿಲ್ಲ. ಆದರೆ ಮಕ್ಕಳೆಲ್ಲ ಮಗ್ಗಿ ಹೇಳುವಾಗ ಅವಳು ನೆಲಕ್ಕೆ ಬೆರಳಿಂದ ತಾಳ ಹಾಕತೊಡಗಿದಳು. ಓಡುತ್ತಿದ್ದವರು ನಿಧಾನವಾದರು, ಹಿಂದೆ ಬಿದ್ದವರು ಬಂದು ಕೂಡಿದರು. ಹೊಸ ಮಗ್ಗಿ ಬಂದಾಗ ಅವಳೇ ಮೆಲ್ಲಗೆ ಬಾರಿಸುವಳು, ಎಲ್ಲರಿಗೂ ಬಂತೆಂದ ಮೇಲೆ ಜೋರು ಮಾಡುವಳು. ಮನೆಗೆ ಬಂದು ಹೇಳಿದಾಗ ಇವರು ನಕ್ಕು, "ನಾ ಮುಂಬೈದಾಗ ಹೇಳಿದ್ದಿಲ್ಲೇನು?" ಅಂದರು.

ಹತ್ತೊಂಬತ್ತು ದಿನ ಇದ್ದಳು. ಆಮೇಲೆ ಕುಟುಂಬ ಇಂಡಿ, ಜತ್ತ ಕಡೆ ಹೋಗುತ್ತೇವೆ ಎಂದು ಹೊರಟಿತು. ನಮ್ಮ ಮಹಾರಾಷ್ಟ್ರದಲ್ಲಿ ವಲಸೆ ಹೋಗುವ ಮಕ್ಕಳಿಗೆ ಶಿಕ್ಷಣ ಹಮಿ ಪತ್ರಕ ಕೊಡುವ ಪದ್ಧತಿ ಇದೆ. ಅದನ್ನು ತುಂಬಿ ತಾಯಿಯ ಕೈಗೆ ಕೊಟ್ಟಿದ್ದೇವೆ. ಗಡಿ ದಾಟಿ ಇಂಡಿ ತಾಲೂಕಿಗೆ ಹೋದರೂ ಚಿಂತೆಯಿಲ್ಲ. ಪತ್ರಕ ಮಹಾರಾಷ್ಟ್ರದ್ದಾದರೂ ಕಾಯ್ದೆ ಆಚೆಗೂ ಈಚೆಗೂ ಒಂದೇ.

ಆದ್ದರಿಂದ ಸರ್, ಟೀಚರ್, ಪಾಲಕ ಬಂಧುಗಳೇ, ನಿಮ್ಮ ಊರಲ್ಲಿ ಡೋಲಿನ ಸಪ್ಪಳ ಕೇಳಿಸಿದರೆ ಒಮ್ಮೆ ಹೋಗಿ ನೋಡಿರಿ. ಆಟ ನೋಡಿ, ದುಡ್ಡು ಹಾಕಿ, ಆಮೇಲೆ ಕೂಸಿನ ವಯಸ್ಸು ಕೇಳಿ. ನಮ್ಮ ಹುಡುಗಿಯೇ ಆಗಿದ್ದರೆ ಪತ್ರಕ ತೋರಿಸುತ್ತಾಳೆ. ಅವಳಿಗೆ ಐದರ ಮಗ್ಗಿಯವರೆಗೆ ಬರುತ್ತದೆ. ಆರರಿಂದ ಮುಂದುವರಿಸಿದರೆ ಸಾಕು.